ತಣ್ಣೀರಿನಲ್ಲಿ ಮುಳುಗಿದ ಹಡಗು: ಸ್ಕಾಪಾ ಫ್ಲೋ, ಟೋಬರ್ಮೋರಿ, ಬೆಲ್ ಐಲ್ಯಾಂಡ್ – ನಿಮಗೆ ಯಾವುದು?

ನೇತ್ರಾಣಿಯಲ್ಲಿ ಡೈವಿಂಗ್ ಕಲಿತು, ಅಂಡಮಾನಿನಲ್ಲೋ ಮಾಲ್ಡೀವ್ಸಿನಲ್ಲೋ ಕೈ ಪಳಗಿಸಿಕೊಂಡವರಿಗೆ ಒಂದಲ್ಲ ಒಂದು ದಿನ ಹವಳ, ಮೀನು ಸಾಕೆನಿಸುತ್ತದೆ. ಮುಳುಗಿದ ಹಡಗು ನೋಡಬೇಕು, ಅದೂ ಹೆಸರು, ಇತಿಹಾಸ ಇರುವ ಹಡಗು ಎಂಬ ಆಸೆ ಆಗ ಹುಟ್ಟುತ್ತದೆ. ಬಿಸಿನೀರಿನ ಕಡೆ ಕೆಂಪು ಸಮುದ್ರದ ಥಿಸಲ್‌ಗಾರ್ಮ್‌ನಂಥವು ಇಲ್ಲದಿಲ್ಲ. ಆದರೆ ಸ್ವಲ್ಪ ವಿಚಾರಿಸಿದರೆ ಮಾತು ಉತ್ತರಕ್ಕೇ ತಿರುಗುತ್ತದೆ: ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ, ಕೆನಡಾದ ಹ್ಯೂರನ್ ಸರೋವರದ ಟೋಬರ್ಮೋರಿ, ನ್ಯೂಫೌಂಡ್‌ಲ್ಯಾಂಡಿನ ಬೆಲ್ ಐಲ್ಯಾಂಡ್, ಸೇಂಟ್ ಲಾರೆನ್ಸ್ ನದಿಯ ಎಂಪ್ರೆಸ್ ಆಫ್ ಐರ್ಲೆಂಡ್.

ಉತ್ತರದಲ್ಲಿ ಹಡಗುಗಳು ಚೆನ್ನಾಗಿ ಉಳಿಯುವುದಕ್ಕೆ ಕಾರಣವಿದೆ. ಬಿಸಿ ಉಪ್ಪುನೀರಿನಲ್ಲಿ ಮರ ಕೊರೆಯುವ ಹಡಗುಹುಳು ಹಲಗೆಯನ್ನು ಬಾಳಗೊಡುವುದಿಲ್ಲ. ಉಪ್ಪು ಕಡಿಮೆಯಿರುವ ಬಾಲ್ಟಿಕ್ ಸಮುದ್ರದಲ್ಲಿ, ಉಪ್ಪೇ ಇಲ್ಲದ ಸರೋವರಗಳಲ್ಲಿ ಆ ಹುಳುವಿಗೆ ಬದುಕಿಲ್ಲ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲೇ ಮುಳುಗಿದ ವಾಸಾ ಹಡಗನ್ನು 1961ರಲ್ಲಿ ಎತ್ತಿದಾಗ ಅದು ಹೆಚ್ಚುಕಡಿಮೆ ಇಡಿಯಾಗಿಯೇ ಮೇಲೆ ಬಂತು. (ಮೈ ಒದ್ದೆಯಾಗದೆ ಹಳೆಯ ಹಡಗು ನೋಡಿದರೆ ಸಾಕು ಎನ್ನುವವರಿಗೆ ವಾಸಾ ಮ್ಯೂಸಿಯಂ ಟಿಕೆಟ್ಟೇ ಎಲ್ಲಕ್ಕಿಂತ ಅಗ್ಗದ ದಾರಿ. ತಮಾಷೆಗೆ ಹೇಳುತ್ತಿಲ್ಲ.)

ಆಯ್ಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು: ಹಡಗಿನ ಹೆಸರು ನೋಡಿ ಮರುಳಾಗಬೇಡಿ. ತಣ್ಣೀರಿನಲ್ಲಿ ಸಿಲಿಂಡರಿನ ಗಾಳಿಯಂತೆಯೇ ತಲೆಯ ಗಮನವೂ ಬೇಗ ಖರ್ಚಾಗುತ್ತದೆ. ಸೂಟಿನ ಗಾಳಿ ಸರಿಮಾಡುತ್ತ, ಮರಗಟ್ಟಿದ ಬೆರಳಿನಲ್ಲಿ ಕ್ಲಿಪ್ಪಿಗೆ ತಡಕಾಡುತ್ತ, ಗೇಜನ್ನೇ ನೋಡುತ್ತ ಡೈವ್ ಮುಗಿದುಹೋದರೆ ಎದುರಿಗಿದ್ದದ್ದು ಯುದ್ಧನೌಕೆಯಾದರೇನು, ಮೀನುದೋಣಿಯಾದರೇನು? ಇಷ್ಟೆಲ್ಲ ಮಾಡಿಯೂ ಹಡಗನ್ನು ಕಣ್ತುಂಬ ನೋಡುವಷ್ಟು ಗಮನ ನಿಮಗೆ ಎಲ್ಲಿ ಉಳಿಯುತ್ತದೋ ಅಲ್ಲಿಗೆ ಹೋಗಿ.

ಅಳೆದು ನೋಡುವುದು ಹೇಗೆ

ಮೊದಲನೆಯದು ಚಳಿ. ನೇತ್ರಾಣಿಯ ನೀರು 28 ಡಿಗ್ರಿಯ ಆಸುಪಾಸು. ಸ್ಕಾಪಾ ಫ್ಲೋದಲ್ಲಿ ವಸಂತದಲ್ಲಿ 6-7 ಡಿಗ್ರಿ, ಆಗಸ್ಟ್-ಸೆಪ್ಟೆಂಬರಿನಲ್ಲಿ 13-14. ಟೋಬರ್ಮೋರಿಯಲ್ಲಿ ಬೇಸಿಗೆಯಲ್ಲಿ ಮೇಲ್ಪದರ ಹಿತವಾಗಿಯೇ ಇರುತ್ತದೆ, ಆದರೆ ಆಳಕ್ಕಿಳಿದಂತೆ ಒಂದು ಗೆರೆ ದಾಟಿದ ಹಾಗೆ ಸಟ್ಟನೆ 4-6 ಡಿಗ್ರಿ. ಬೆಲ್ ಐಲ್ಯಾಂಡಿನಲ್ಲಿ ಜೂನ್ ಹೊತ್ತಿಗೂ ಪಕ್ಕದಲ್ಲಿ ಮಂಜುಗಡ್ಡೆಯ ಬೆಟ್ಟ ತೇಲುತ್ತಿರಬಹುದು. ಕೆಳಗಿನ ನೀರು ಸೊನ್ನೆಗೆ ಹತ್ತಿರ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಎಳೆದುಕೊಳ್ಳುತ್ತದೆ. ಹಾಗಾಗಿ ಇಲ್ಲೆಲ್ಲ ನೀರು ಒಳಬಿಡುವ ನಮ್ಮ 3 ಮಿಲಿಮೀಟರಿನ ವೆಟ್ ಸೂಟ್ ಲೆಕ್ಕಕ್ಕಿಲ್ಲ. ಬೇಕಾದದ್ದು ನೀರು ಒಳಬಿಡದ, ಒಳಗೆ ಗಾಳಿ ತುಂಬಿಕೊಳ್ಳುವ ಡ್ರೈ ಸೂಟ್.

ಡ್ರೈ ಸೂಟ್ ಹಾಕಿಕೊಳ್ಳುವುದೇ ಒಂದು ಸಾಹಸ. ಒಳಗೆ ದಪ್ಪ ಉಣ್ಣೆಯಂಥ ಉಡುಪು, ಅದರ ಮೇಲೆ ಸೂಟು. ಮಣಿಕಟ್ಟು, ಕುತ್ತಿಗೆಯ ರಬ್ಬರ್ ಪಟ್ಟಿಗೆ ಪೌಡರ್ ಹಚ್ಚಿ, ಬೆರಳು ಕೂಡಿಸಿ ನಿಧಾನಕ್ಕೆ ಕೈ ತೂರಿಸಬೇಕು. ಉಗುರು ತಾಗಿ ಪಟ್ಟಿ ಹರಿದರೆ ಅವತ್ತಿನ ಡೈವ್ ಅಲ್ಲಿಗೇ ಮುಗಿಯಿತು. ಕುತ್ತಿಗೆ ಪಟ್ಟಿಯಡಿ ಒಂದೆಳೆ ಕೂದಲು ಸಿಕ್ಕಿಕೊಂಡರೂ ಸಾಕು, ನೀರು ಅದೇ ದಾರಿ ಹಿಡಿದು ಬೆನ್ನಿಗಿಳಿಯುತ್ತದೆ. ಬೆನ್ನ ಹಿಂದೆ ಜಿಪ್ ಇದ್ದರೆ ಎಳೆಯಲು ಜತೆಗೆ ಇಳಿಯುವ ಡೈವರೇ ಬೇಕು. ಎಳೆದ ಮೇಲೆ ಕೊನೆಯ ಅರ್ಧ ಅಂಗುಲ ಕೂತಿದೆಯೇ ಎಂದು ಬೆರಳಿಟ್ಟು ನೋಡಲು ಹೇಳಿ. ನೀರಿಗೆ ಬಿದ್ದ ಕೂಡಲೇ ಮುಖದ ತೆರೆದ ಭಾಗಕ್ಕೆ ಚಳಿ ತಾಗಿ, ಐಸ್‌ಕ್ರೀಮನ್ನು ಗಬಕ್ಕನೆ ನುಂಗಿದಾಗ ಆಗುವಂತೆ ಹುಬ್ಬಿನ ನಡುವೆ ಚಳಕು ಹೊಡೆಯುತ್ತದೆ. ಒಂದೆರಡು ನಿಮಿಷ ತಾಳಿಕೊಂಡರೆ ಹೋಗುತ್ತದೆ. ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿ ಮೂತ್ರದ್ದು. ಚಳಿಯಲ್ಲಿ ಅವಸರ ಬರುವುದು ಸಹಜ. ವೆಟ್ ಸೂಟಿನ ಸಲೀಸು ಇಲ್ಲಿಲ್ಲ. ದೊಡ್ಡವರ ಡೈಪರ್ ಕಟ್ಟಿಕೊಳ್ಳುವವರೇ ಬಹಳ, ನಾಚಿಕೆಪಡುವಂಥದ್ದೇನಿಲ್ಲ. ಅದಕ್ಕೆ ಹೆದರಿ ನೀರು ಕುಡಿಯದೆ ಇಳಿಯುವುದು ಮಾತ್ರ ಅಪಾಯ: ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಡಿಕಂಪ್ರೆಷನ್ ತೊಂದರೆಯ (ಮೇಲೇರುವಾಗ ಮೈಯೊಳಗೆ ಗಾಳಿಯ ಗುಳ್ಳೆ ಏಳುವುದು) ಸಂಭವ ಹೆಚ್ಚುತ್ತದೆ.

ಸೂಟಿನೊಳಗಿನ ಗಾಳಿ ಕಾಲಿನ ಕಡೆ ಓಡಿದರೆ ನೀವು ತಲೆಕೆಳಗಾಗಿ ಬಾಣದ ಹಾಗೆ ಮೇಲಕ್ಕೆ ಹೋಗುತ್ತೀರಿ. ಅದನ್ನು ತಡೆಯುವ ಪಲ್ಟಿ ಕಲಿಯಬೇಕಾದದ್ದು ಆಳವಿಲ್ಲದ ನೀರಿನಲ್ಲಿ. 35 ಮೀಟರು ಕೆಳಗೆ ಹಡಗಿನ ಪಕ್ಕದಲ್ಲಿ ಕಲಿಯುತ್ತೇನೆಂದರೆ ಆಗದು. ಡ್ರೈ ಸೂಟ್ ಕೋರ್ಸ್ ಮುಗಿಸಿ, ಅದರಲ್ಲಿ ಮೈ ಹೊಂದುವಷ್ಟು ಡೈವ್ ಮಾಡಿಯೇ ಹೊರಡಿ. ಇಂಗ್ಲೆಂಡಿನಲ್ಲಿ ಇರುವವರಿಗೆ ಲೆಸ್ಟರ್‌ಶೈರಿನ ಸ್ಟೋನಿ ಕೋವ್‌ನಂಥ ಹಳೆಯ ಕಲ್ಲುಕ್ವಾರಿಗಳು ಇದಕ್ಕೆಂದೇ ಇವೆ.

ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಉಸಿರಿಗೆ ಕೊಡುವ ರೆಗ್ಯುಲೇಟರಿಗೂ ಚಳಿ ತಾಗುತ್ತದೆ. ಒತ್ತಡದಲ್ಲಿದ್ದ ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ. ನೀರೇ 5 ಡಿಗ್ರಿ ಇದ್ದರೆ ಅದರ ಫಸ್ಟ್ ಸ್ಟೇಜಿನಲ್ಲಿ (ಸಿಲಿಂಡರಿಗೆ ಕೂರುವ ಭಾಗ) ಮಂಜು ಕಟ್ಟಿ, ವಾಲ್ವ್ ತೆರೆದೇ ಉಳಿದು, ಗಾಳಿ ಬುಸುಗುಟ್ಟುತ್ತ ಖಾಲಿಯಾಗುತ್ತದೆ. ತಣ್ಣೀರಿಗೆಂದೇ ಸೀಲ್ ಮಾಡಿದ ರೆಗ್ಯುಲೇಟರ್, ಜತೆಗೆ ಬೇರೆಯೇ ಆದ ಒಂದು ಗಾಳಿಯ ಮೂಲ – ಪುಟ್ಟ ಪೋನಿ ಸಿಲಿಂಡರೋ ಜೋಡಿ ಸಿಲಿಂಡರೋ – ಇಲ್ಲದೆ 30 ಮೀಟರು ದಾಟಬೇಡಿ. ಸಿಹಿನೀರಿನಲ್ಲಿ ಈ ತೊಂದರೆ ಹೆಚ್ಚು, ಯಾಕೆಂದರೆ ಅದು ಉಪ್ಪುನೀರಿಗಿಂತ ಬೇಗ ಹೆಪ್ಪುಗಟ್ಟುತ್ತದೆ.

ಎರಡನೆಯದು ಆಳ, ಅಂದರೆ ಸಮಯ. ಆಳದ ಮಿತಿ ಆರಂಭದ ಓಪನ್ ವಾಟರ್ ಕಾರ್ಡಿಗೆ 18 ಮೀಟರು, ಮುಂದಿನ ಅಡ್ವಾನ್ಸ್ಡ್‌ಗೆ 30, ಡೀಪ್ ತರಬೇತಿ ಆದವರಿಗೆ 40. ಡೈವಿಂಗ್ ಕಲಿಸುವ ಪ್ಯಾಡಿ ಸಂಸ್ಥೆಯ ಹಳೆಯ ಕೋಷ್ಟಕದ ಪ್ರಕಾರ, ಏರುವಾಗ ಡಿಕಂಪ್ರೆಷನ್ನಿಗೆಂದು ನಿಲ್ಲಬೇಕಾಗದಂತೆ ಕೆಳಗಿರಬಹುದಾದ ಹೊತ್ತು ಸಾಮಾನ್ಯ ಗಾಳಿಯಲ್ಲಿ 30 ಮೀಟರಿನಲ್ಲಿ 20 ನಿಮಿಷ, 40 ಮೀಟರಿನಲ್ಲಿ ಬರೀ 9 ನಿಮಿಷ. ಗಾಳಿಯ ಲೆಕ್ಕವೂ ಹಾಗೆಯೇ. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 35 ಮೀಟರಿನಲ್ಲಿ 90 ಲೀಟರ್ ಬಳಸುತ್ತಾರೆ. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ಗಾಳಿ ತುಂಬಿಸಿ 50 ಬಾರ್ ಮೀಸಲಿಟ್ಟರೆ 20 ನಿಮಿಷ; ಇಳಿಯುವುದು ಏರುವುದೂ ಅದರಲ್ಲೇ ಆಗಬೇಕು. ಚಳಿಗೆ ಉಸಿರು ಹೆಚ್ಚಾಗುವುದನ್ನು ನಾನಿನ್ನೂ ಸೇರಿಸಿಲ್ಲ. ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಬಳಸಲು ಕಲಿತಿದ್ದರೆ ಸಮಯ ಸ್ವಲ್ಪ ಹಿಗ್ಗುತ್ತದೆ, ಆದರೆ ಅದಕ್ಕೂ ಆಳದ ಮಿತಿಯಿದೆ: 32 ಶೇಕಡಾ ಆಮ್ಲಜನಕದ ಮಿಶ್ರಣಕ್ಕೆ ಸುಮಾರು 34 ಮೀಟರು, 28ಕ್ಕೆ 40.

ಮೂರನೆಯದು, ನಿಮಗೆ ಬೇಕಾದದ್ದು ಇಡಿಯಾದ ಹಡಗೋ, ದೊಡ್ಡ ಕಥೆಯೋ? ಎರಡೂ ಒಂದೇ ಕಡೆ ಸಿಗುವುದು ಕಡಿಮೆ. ನಾಲ್ಕನೆಯದು ವೀಸಾ, ದಾರಿ, ದುಡ್ಡು. ಅದನ್ನು ಕೊನೆಗೆ ನೋಡೋಣ.

ಟೋಬರ್ಮೋರಿ: ಕಲಿಯುವವರಿಗೆ, ಮರ ಪ್ರೀತಿಸುವವರಿಗೆ

ಟೊರೊಂಟೊ, ಬ್ರಾಂಪ್ಟನ್ ಕಡೆಯ ಕನ್ನಡಿಗರಿಗೆ ಇದು ಸುಮಾರು 300 ಕಿಲೋಮೀಟರಿನ ಕಾರು ಪ್ರಯಾಣ. ಬೇಸಿಗೆಯ ಶನಿವಾರ-ಭಾನುವಾರದಲ್ಲಿ ಮುಗಿಯುವಂಥದ್ದು. 1987ರಲ್ಲಿ ಆದ ಫ್ಯಾದಮ್ ಫೈವ್ ರಾಷ್ಟ್ರೀಯ ಸಾಗರ ಉದ್ಯಾನದೊಳಗೆ ಇಪ್ಪತ್ತಕ್ಕೂ ಹೆಚ್ಚು ಹಡಗುಗಳಿವೆ. ಇಳಿಯುವ ಮುನ್ನ ಉದ್ಯಾನದವರಲ್ಲಿ ಹೆಸರು ನೋಂದಾಯಿಸಬೇಕು.

ಇಲ್ಲಿನ ದೊಡ್ಡ ಅನುಕೂಲ ಮೆಟ್ಟಿಲು ಮೆಟ್ಟಿಲಾಗಿ ಏರುವ ಆಳ. ಬಿಗ್ ಟಬ್ ಹಾರ್ಬರಿನಲ್ಲಿ 1885ರಲ್ಲಿ ಮುಳುಗಿದ ಸ್ವೀಪ್‌ಸ್ಟೇಕ್ಸ್ ಎಂಬ ಹಾಯಿಹಡಗು ಬರೀ ಆರೇಳು ಮೀಟರು ಆಳದಲ್ಲಿದೆ. ಸ್ನಾರ್ಕೆಲ್ ಹಾಕಿದವರಿಗೂ ಕಾಣುತ್ತದೆ. ಪ್ರವಾಸಿ ದೋಣಿಗಳು ಅದರ ಮೇಲೇ ಓಡಾಡುವುದರಿಂದ ಡೈವರುಗಳಿಗೆ ಹೊತ್ತು ಗೊತ್ತು ಮಾಡಿರುತ್ತಾರೆ, ಮೊದಲೇ ಕೇಳಿಕೊಳ್ಳಿ. ಅದೇ ಬಂದರಿನಲ್ಲಿ 1907ರಲ್ಲಿ ಬೆಂಕಿಗೆ ಆಹುತಿಯಾದ ಸಿಟಿ ಆಫ್ ಗ್ರ್ಯಾಂಡ್ ರ‍್ಯಾಪಿಡ್ಸ್ ಉಗಿಹಡಗು ಇದೆ. ಡ್ರೈ ಸೂಟಿನಲ್ಲಿ ಇನ್ನೂ ತಡವರಿಸುವವರಿಗೆ ಇವೆರಡಕ್ಕಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ. 1999ರಲ್ಲಿ ಡೈವರುಗಳಿಗೆಂದೇ ಮುಳುಗಿಸಿದ ನಯಾಗರಾ 2 ಮುಂದಿನ ಮೆಟ್ಟಿಲು. ಇತಿಹಾಸ ಹುಡುಕುವವರಿಗೆ ಅದು ಸಪ್ಪೆ, ಅಭ್ಯಾಸಕ್ಕೆ ಚಿನ್ನ.

ಮೇಲಿನ ಮೆಟ್ಟಿಲಲ್ಲಿ ಅರೇಬಿಯಾ ಇದೆ. ಮುಸುಕಿನ ಜೋಳ ಹೊತ್ತು ಹೊರಟು 1884ರಲ್ಲಿ ಮುಳುಗಿದ ಮರದ ಹಡಗು, 30 ಮೀಟರು ದಾಟಿದ ಆಳದಲ್ಲಿ. ಸಮುದ್ರದಲ್ಲಿ ಈ ವಯಸ್ಸಿನ ಮರದ ಹಡಗೆಂದರೆ ಸಾಮಾನ್ಯವಾಗಿ ಒಂದಿಷ್ಟು ಮೊಳೆ, ಲಂಗರು, ಕಲ್ಲಿನ ರಾಶಿ. ಇಲ್ಲಿ ಹಲಗೆ ಹಲಗೆಯಾಗಿಯೇ ಕಾಣುತ್ತದೆ. ಆದರೆ ಇದು 4-6 ಡಿಗ್ರಿಯ ನೀರು, ಮೇಲಿನಿಂದ ದಿನಕ್ಕೊಂದು ಬಗೆ ಬೀಸುವ ಗಾಳಿ. ಮೇಲ್ಪದರದ ಬೆಚ್ಚಗಿನ ನೀರು ನೋಡಿ 'ವೆಟ್ ಸೂಟೇ ಸಾಕು' ಎಂದುಕೊಂಡವರು ಆ ತಣ್ಣನೆಯ ಗೆರೆ ದಾಟಿದ ಮೇಲೆ ಏನು ಮಾಡಬೇಕೆಂದು ತೋಚದೆ ಒದ್ದಾಡುತ್ತಾರೆ.

ಕೊರತೆಯೂ ಇದೆ. ಇಲ್ಲಿಯವು ಸರಕಿನ ಹಡಗುಗಳು; ಮಹಾಯುದ್ಧದ ಕಥೆ ಬೇಕೆನ್ನುವವರ ಹಸಿವು ಇಲ್ಲಿ ಹಿಂಗದು. ಸಮುದ್ರಜೀವಿಗಳ ಬಣ್ಣವೂ ಇಲ್ಲ. ಹೊರಗಿನಿಂದ ಬಂದ ಜೀಬ್ರಾ ಚಿಪ್ಪುಗಳು ಗ್ರೇಟ್ ಲೇಕ್ಸ್‌ನ ನೀರನ್ನು ತಿಳಿಯಾಗಿಸಿವೆ, ಅವೇ ಹಡಗುಗಳ ಮೈಯನ್ನೂ ಮುತ್ತುತ್ತಿವೆ.

ಸ್ಕಾಪಾ ಫ್ಲೋ: ಕಥೆ, ಗಾತ್ರ, ಅನುಕೂಲ

ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲನೆಯ ಮಹಾಯುದ್ಧ ನಿಂತಾಗ, 1918ರ ನವೆಂಬರಿನಲ್ಲಿ, ಜರ್ಮನಿಯ ಮುಖ್ಯ ಯುದ್ಧಪಡೆಯಾದ ಹೈ ಸೀಸ್ ಫ್ಲೀಟಿನ 74 ಹಡಗುಗಳನ್ನು ಆರ್ಕ್‌ನಿ ದ್ವೀಪಗಳ ನಡುವಿನ ಈ ಕೊಲ್ಲಿಯಲ್ಲಿ ಕಾವಲಿನಲ್ಲಿಟ್ಟರು. ತಿಂಗಳುಗಟ್ಟಲೆ ಸಂಧಾನ ಎಳೆದಾಡಿತು. 1919ರ ಜೂನ್ 21ರ ಬೆಳಗ್ಗೆ ಬ್ರಿಟಿಷ್ ನೌಕಾದಳ ಅಭ್ಯಾಸಕ್ಕೆಂದು ಹೊರಗೆ ಹೋಗಿದ್ದಾಗ, ಹಡಗುಗಳು ಶತ್ರುವಿನ ಕೈಸೇರಬಾರದೆಂದು ಅಡ್ಮಿರಲ್ ಲುಡ್ವಿಗ್ ಫಾನ್ ರಾಯ್ಟರ್ ಸಂಜ್ಞೆ ಕೊಟ್ಟ. ಜರ್ಮನ್ ನಾವಿಕರು ಕೆಳಗಿನ ವಾಲ್ವುಗಳನ್ನು ತೆರೆದು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ಒಂದೇ ದಿನದಲ್ಲಿ 52 ಹಡಗು ಕೆಳಗೆ ಹೋದವು. 1920ರ ದಶಕದಲ್ಲಿ ಅರ್ನೆಸ್ಟ್ ಕಾಕ್ಸ್ ಎಂಬ ಗುಜರಿ ವ್ಯಾಪಾರಿ ಅವನ್ನು ಕೊಂಡು, ಒಂದೊಂದಾಗಿ ಎತ್ತಿ ಮಾರಲು ಹೊರಟ. ಅವನ ನಂತರವೂ ಆ ಕೆಲಸ ನಡೆಯಿತು. ಕೊನೆಗೆ ಉಳಿದ ದೊಡ್ಡ ಹಡಗುಗಳು ಏಳು: ಕ್ಯೋನಿಗ್, ಮಾರ್ಕ್‌ಗ್ರಾಫ್, ಕ್ರೋನ್‌ಪ್ರಿಂಟ್ಸ್ ವಿಲ್ಹೆಲ್ಮ್ ಎಂಬ ಮೂರು ಯುದ್ಧನೌಕೆಗಳು, ಡ್ರೆಸ್ಡೆನ್, ಬ್ರೂಮರ್, ಕ್ಯೋಲ್ನ್, ಕಾರ್ಲ್ಸ್‌ರೂಹೆ ಎಂಬ ನಾಲ್ಕು ಕ್ರೂಸರುಗಳು (ಹಗುರವಾದ, ಸಣ್ಣ ಯುದ್ಧಹಡಗುಗಳು).

ಬಂದವರೆಲ್ಲ ಮೊದಲು ಯುದ್ಧನೌಕೆಗೇ ಆಸೆಪಡುತ್ತಾರೆ. ನನ್ನ ಮಾತು ಕೇಳುವುದಾದರೆ ಕ್ರೂಸರಿನಿಂದ ಶುರುಮಾಡಿ. ಯುದ್ಧನೌಕೆಗಳ ತೋಪುಗೂಡುಗಳ ಭಾರಕ್ಕೆ ಅವು ಮಗುಚಿ ಬಿದ್ದಿವೆ. ಇಳಿದವರಿಗೆ ಮೊದಲು ಕಾಣುವುದು ಎರಡೂ ಕಡೆ ಕೊನೆಯಿಲ್ಲದ ಉಕ್ಕಿನ ಬೆನ್ನು. ನೋಡುವಂಥದ್ದೆಲ್ಲ ಅಡಿಯಲ್ಲಿ, 35-45 ಮೀಟರಿನ ಕತ್ತಲಿನಲ್ಲಿದೆ. ಕ್ರೋನ್‌ಪ್ರಿಂಟ್ಸ್ ವಿಲ್ಹೆಲ್ಮಿನ ಅಡಿಗೆ ಟಾರ್ಚ್ ಹಿಡಿದರೆ 30.5 ಸೆಂಟಿಮೀಟರಿನ ತೋಪಿನ ಕೊಳವೆ ಕಾಣುತ್ತದೆ, ಅದು ಮರೆಯುವಂಥದ್ದಲ್ಲ. ಆದರೆ ಅಲ್ಲಿ ನಿಲ್ಲಲು ನಿಮಗಿರುವುದು ಬೆರಳೆಣಿಕೆಯ ನಿಮಿಷ. ಕ್ಯೋಲ್ನ್ ಹಾಗಲ್ಲ. ಪಕ್ಕಕ್ಕೆ ಮಲಗಿದೆ, ಮೇಲ್ಬದಿ 20 ಮೀಟರು ದಾಟಿದೊಡನೆ ಸಿಗುತ್ತದೆ, ಅಡಿ 36ರ ಹತ್ತಿರ. ದೋಣಿ ಇಳಿಸುವ ಬಾಗಿದ ಕಂಬ, ಮುಂಭಾಗದ ಚೂಪು ಎಲ್ಲವೂ ಹಡಗಿನ ಆಕಾರದಲ್ಲೇ ಇವೆ. ಕಾರ್ಲ್ಸ್‌ರೂಹೆ ಇನ್ನೂ ಮೇಲೆ, ಅಡಿಯೇ 26 ಮೀಟರಿನ ಆಸುಪಾಸು. ಲೋಹಕ್ಕಾಗಿ ಸಿಡಿಸಿದ್ದರಿಂದ ಹರಡಿಹೋಗಿದೆ, ಆದರೆ ಒಳಗಿನ ಯಂತ್ರ ಹೊರಗೇ ಕಾಣುವ ಲಾಭವೂ ಅದರಿಂದಲೇ.

ವಾರದ ಕೊನೆಗೆ ದಣಿದಾಗ ಬುರಾ ಸೌಂಡಿನ ತಡೆಹಡಗುಗಳಿವೆ. ಶತ್ರು ಒಳಬರದಂತೆ ಬ್ರಿಟಿಷರೇ ಮುಳುಗಿಸಿದ ಟಬಾರ್ಕಾದಂಥವು ಇಪ್ಪತ್ತು ಮೀಟರಿನೊಳಗೇ, ತಿಳಿನೀರಿನಲ್ಲಿವೆ. ಷರತ್ತೊಂದೇ: ಅಲ್ಲಿನ ಸೆಳೆತ ಭಯಂಕರ, ಉಬ್ಬರ-ಇಳಿತದ ನಡುವೆ ನೀರು ನಿಲ್ಲುವ ಅಷ್ಟು ಹೊತ್ತಿನಲ್ಲಿ ಮಾತ್ರ ಇಳಿಯಬಹುದು.

ಸ್ಕಾಪಾದ ನಿಜವಾದ ಬಲ ಅಲ್ಲಿನ ವ್ಯವಸ್ಥೆ. ಕೊಲ್ಲಿ ಸುತ್ತಲೂ ದ್ವೀಪಗಳಿಂದ ಮುಚ್ಚಿದೆ, ಹೊರಗೆ ಬಿರುಗಾಳಿ ಎದ್ದಾಗಲೂ ಬಹಳ ಸಲ ಒಳಗೆ ಡೈವ್ ನಡೆಯುತ್ತದೆ. ಆರ್ಕ್‌ನಿಯ ಬಂದರು ಊರಾದ ಸ್ಟ್ರೋಮ್‌ನೆಸ್ಸಿನ ಡೈವ್ ಬೋಟುಗಳು ವಾರದ ಲೆಕ್ಕದಲ್ಲಿ ಸಿಗುತ್ತವೆ. ಎಷ್ಟೋ ಬೋಟುಗಳಲ್ಲಿ ಮಲಗಲು ಜಾಗ, ಗಾಳಿ ತುಂಬುವ ಯಂತ್ರ, ನೀರಿನಿಂದ ಹತ್ತಿಸಿಕೊಳ್ಳುವ ಲಿಫ್ಟ್ ಇದೆ. ಬೆನ್ನಿಗೆ ಜೋಡಿ ಸಿಲಿಂಡರ್ ಹೊತ್ತು ಮರಗಟ್ಟಿದ ಕೈಯಲ್ಲಿ ಏಣಿ ಹತ್ತಿದವರಿಗೆ ಆ ಲಿಫ್ಟಿನ ಬೆಲೆ ಗೊತ್ತು. ಎರಡು ಡೈವುಗಳ ನಡುವೆ ಬಿಸಿ ಸೂಪೂ ಸಿಗುತ್ತದೆ. ಕೊರತೆ ಎಂದರೆ ಕಣ್ಣಿಗೆ ಕಾಣುವ ದೂರ: ಹತ್ತು ಮೀಟರು ಸಿಕ್ಕರೆ ಒಳ್ಳೆಯ ದಿನ. ಇಡೀ ಹಡಗು ಒಂದೇ ನೋಟಕ್ಕೆ ಎಂದೂ ಸಿಗದು. ಫೋಟೋಕ್ಕಾಗಿಯೇ ಹೋಗುವವರು ಇದನ್ನು ಯೋಚಿಸಬೇಕು.

ಇಲ್ಲಿ ಮುಟ್ಟಬಾರದ ಹಡಗುಗಳೂ ಇವೆ. 1939ರ ಅಕ್ಟೋಬರ್ 14ರಂದು ಯು-47 ಜಲಾಂತರ್ಗಾಮಿ ಮುಳುಗಿಸಿದ ರಾಯಲ್ ಓಕಿನಲ್ಲಿ 830ಕ್ಕೂ ಹೆಚ್ಚು ಜನ ಸತ್ತರು. ಅದು ಯುದ್ಧಸಮಾಧಿ, ಡೈವ್ ನಿಷಿದ್ಧ. ಒಂದು ಕಾಲಕ್ಕೆ ಭಾರತದ ಸೇನೆಯ ದಂಡನಾಯಕನಾಗಿದ್ದ ಕಿಚನರ್ 1916ರ ಜೂನ್ 5ರಂದು ಮುಳುಗಿ ಸತ್ತ ಹ್ಯಾಂಪ್‌ಶೈರ್ ಕೂಡ ಹಾಗೆಯೇ. ಇಳಿಯಬಹುದಾದ ಏಳೂ ಜರ್ಮನ್ ಹಡಗುಗಳು ಕಾನೂನಿನ ರಕ್ಷಣೆಯಲ್ಲಿವೆ. ನೆನಪಿಗೆಂದು ಒಂದು ಬೋಲ್ಟ್ ಜೇಬಿಗೆ ಹಾಕಿಕೊಂಡರೂ ಅಪರಾಧ.

ಬೆಲ್ ಐಲ್ಯಾಂಡ್: ಇಡಿಯಾದ ಹಡಗು, ಹತ್ತಿರದ ದುಃಖ

ನ್ಯೂಫೌಂಡ್‌ಲ್ಯಾಂಡಿನ ಕನ್ಸೆಪ್ಷನ್ ಕೊಲ್ಲಿಯಲ್ಲಿ, ಬೆಲ್ ಐಲ್ಯಾಂಡಿನ ಕಬ್ಬಿಣದ ಅದಿರು ತುಂಬಿಕೊಳ್ಳಲು ಬಂದಿದ್ದ ನಾಲ್ಕು ಹಡಗುಗಳನ್ನು 1942ರಲ್ಲಿ ಜರ್ಮನ್ ಯು-ಬೋಟುಗಳು (ಜಲಾಂತರ್ಗಾಮಿಗಳು) ಹೊಡೆದು ಮುಳುಗಿಸಿದವು. ಸೆಪ್ಟೆಂಬರ್ 5ರಂದು ಸಗನಾಗಾ, ಲಾರ್ಡ್ ಸ್ಟ್ರಾತ್‌ಕೋನಾ. ನವೆಂಬರ್ 2ರಂದು ರೋಸ್ ಕ್ಯಾಸಲ್, ಪಿಎಲ್ಎಂ 27. ಅರವತ್ತಕ್ಕೂ ಹೆಚ್ಚು ನಾವಿಕರು ಸತ್ತರು. ನಾಲ್ಕೂ ಒಂದಕ್ಕೊಂದು ಹತ್ತಿರ, ದಡಕ್ಕೂ ಹತ್ತಿರ.

ನೋಟದ ಮಟ್ಟಿಗೆ ಈ ಪಟ್ಟಿಯಲ್ಲಿ ಇದಕ್ಕೆ ಸಾಟಿ ಇಲ್ಲ. ಹಡಗುಗಳು ನೆಟ್ಟಗೆ ಕೂತಿವೆ, ನೀರು ಸ್ಕಾಪಾಕ್ಕಿಂತ ತಿಳಿ, ಮೈತುಂಬ ಬಿಳಿ, ಕೇಸರಿ ಬಣ್ಣದ ಸಮುದ್ರಹೂಗಳು. ಸ್ಕಾಪಾದಲ್ಲಿ ಊಹಿಸಿಕೊಳ್ಳಬೇಕಾದದ್ದು ಇಲ್ಲಿ ಕಣ್ಣೆದುರಿಗೇ ಇರುತ್ತದೆ: ಡೆಕ್ಕು, ಕಂಬ, ಟಾರ್ಪಿಡೊ ಹೊಡೆದ ತೂತು. ರೋಸ್ ಕ್ಯಾಸಲ್ಲಿನ ರೇಡಿಯೊ ಕೋಣೆ ಡೈವರುಗಳ ನಡುವೆ ಬಹಳ ಹೆಸರಾದದ್ದು.

ಆದರೆ ರೋಸ್ ಕ್ಯಾಸಲ್ ಆಳದ ಹಡಗು, ಕೆಳಗಿನ ನೀರು ಸೊನ್ನೆಯ ಹತ್ತಿರ. ಬರೀ ಅಡ್ವಾನ್ಸ್ಡ್ ಕಾರ್ಡ್ ಇದ್ದವರು ಪಿಎಲ್ಎಂ 27ರಲ್ಲೇ ತೃಪ್ತರಾಗಬೇಕು. ನಾಲ್ಕರಲ್ಲಿ ಅದೇ ಮೇಲಿರುವುದು. ಬೋಟುಗಳು ಕಡಿಮೆ, ಜಾಗ ಬೇಗ ತುಂಬುತ್ತದೆ, ಮಂಜು ಗಾಳಿಗೆ ದಿನಗಳು ಹಾಳಾಗಬಹುದು. ಆದ್ದರಿಂದ ಹತ್ತಿರದ ನಗರ ಸೇಂಟ್ ಜಾನ್ಸ್‌ನಲ್ಲಿ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡೇ ಟಿಕೆಟ್ ಮಾಡಿಸಿ. ಡ್ರೈ ಸೂಟಿನಲ್ಲಿ 30 ಮೀಟರು ನಿಮಗೆ ಮನೆಯಂಗಳವಾಗಿದ್ದರೆ, ಕ್ಯಾಮೆರಾ ಹುಚ್ಚಿದ್ದರೆ, ಸ್ಕಾಪಾ ಬಿಟ್ಟು ಇಲ್ಲಿಗೇ ಬನ್ನಿ ಎನ್ನುತ್ತೇನೆ.

ಎಂಪ್ರೆಸ್ ಆಫ್ ಐರ್ಲೆಂಡ್: ಸದ್ಯಕ್ಕೆ ಬೇಡ

1914ರ ಮೇ 29ರ ಬೆಳಗಿನ ಜಾವ ಮಂಜಿನಲ್ಲಿ ಸ್ಟೋರ್‌ಸ್ಟಾಡ್ ಎಂಬ ನಾರ್ವೆಯ ಕಲ್ಲಿದ್ದಲು ಹಡಗು ಗುದ್ದಿ, ಹದಿನಾಲ್ಕೇ ನಿಮಿಷದಲ್ಲಿ ಮುಳುಗಿದ ಪ್ರಯಾಣಿಕರ ಹಡಗು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಕ್ವಿಬೆಕ್ಕಿನ ರಿಮೂಸ್ಕಿ ಹತ್ತಿರ, 40 ಮೀಟರಿನ ಆಸುಪಾಸಿನಲ್ಲಿ ಪಕ್ಕಕ್ಕೆ ಮಲಗಿದೆ. ಕೊರೆಯುವ ಚಳಿ, ಬಲವಾದ ಸೆಳೆತ, ಎದುರಿನ ಕೈ ಕಾಣದಷ್ಟು ಮಬ್ಬು. ಡೈವರುಗಳೇ ಪ್ರಾಣ ಕಳೆದುಕೊಂಡ ಜಾಗ. ಡಿಕಂಪ್ರೆಷನ್ ತರಬೇತಿ ಪಡೆದು ಇಂಥ ನೀರಿನಲ್ಲಿ ಪಳಗಿದವರಿಗೆ ಈ ಲೇಖನ ಬೇಕಿಲ್ಲ. ಉಳಿದವರು ಪ್ವಾಂಟ್-ಓ-ಪೇರ್‌ನಲ್ಲಿರುವ ಅದರ ಮ್ಯೂಸಿಯಂ ನೋಡಿ ಬನ್ನಿ.

ದುಡ್ಡು, ದಾರಿ, ತಿಂಗಳು

ಎಲ್ಲಕ್ಕಿಂತ ಅಗ್ಗ, ಒಂಟಾರಿಯೋದಲ್ಲಿ ಇರುವವರಿಗೆ ಟೋಬರ್ಮೋರಿ. ಬೋಟಿಗೆ ದಿನದ ಲೆಕ್ಕದಲ್ಲಿ ಕೊಟ್ಟರಾಯಿತು, ಹವೆ ಕೆಟ್ಟರೆ ಮುಂದಿನ ವಾರ. ಬ್ರಿಟನ್ನಿನಲ್ಲಿ ಇರುವವರಿಗೆ ಸ್ಕಾಪಾ: ಸ್ಕ್ರಾಬ್‌ಸ್ಟರಿನಿಂದ ಸ್ಟ್ರೋಮ್‌ನೆಸ್ಸಿಗೆ ಒಂದೂವರೆ ಗಂಟೆಯ ಹಡಗು, ಅಬರ್ಡೀನ್‌ನಿಂದಲೂ ಕರ್ಕ್‌ವಾಲಿಗೆ ಹಡಗಿದೆ, ಕಾರಿನಲ್ಲೇ ಸಾಮಾನು ಹಾಕಿಕೊಂಡು ಹೋಗಬಹುದು. ಗೆಳೆಯರು ಸೇರಿ ಇಡೀ ಬೋಟ್ ಹಿಡಿದರೆ ತಲೆಗೆ ಬೀಳುವ ಖರ್ಚು ಇಳಿಯುತ್ತದೆ.

ಬೆಂಗಳೂರಿನಿಂದ ಹೊರಡುವವರ ಲೆಕ್ಕ ಬೇರೆ. ವಿಮಾನ, ವೀಸಾ, ಡ್ರೈ ಸೂಟ್ ಕೋರ್ಸ್ ಎಲ್ಲವೂ ಒಂದೇ ಪ್ರವಾಸದ ಮೇಲೆ ಬೀಳುವುದರಿಂದ ಒಂದೆರಡು ಡೈವಿಗೆ ಹೋಗುವುದು ನಷ್ಟ. ಒಂದೇ ವಾರದಲ್ಲಿ ಹೆಚ್ಚು ಡೈವ್ ಸಿಗುವುದು ಸ್ಕಾಪಾದಲ್ಲಿ. ಇಂಗ್ಲೆಂಡಿನ ಕ್ವಾರಿಯಲ್ಲಿ ಕೋರ್ಸ್ ಮುಗಿಸಿ ಉತ್ತರಕ್ಕೆ ಹೋದರೆ ಒಂದೇ ವೀಸಾದಲ್ಲಿ ಎರಡೂ ಆಗುತ್ತದೆ. ಅಣ್ಣನೋ ಅಕ್ಕನೋ ಟೊರೊಂಟೊದಲ್ಲಿದ್ದರೆ ಟೋಬರ್ಮೋರಿಯ ಪಾಳಿ ಮೊದಲು, ಬೆಲ್ ಐಲ್ಯಾಂಡ್ ಇನ್ನೊಂದು ವರ್ಷಕ್ಕೆ.

ಸೂಟ್ ಬಾಡಿಗೆಗೆ ತೆಗೆದುಕೊಳ್ಳುವುದಾದರೆ ಎತ್ತರ, ತೂಕದ ಜತೆ ಪಾದ, ಮಣಿಕಟ್ಟು, ಕುತ್ತಿಗೆಯ ಅಳತೆಯನ್ನೂ ಬರೆದು ಮುಂಚೆಯೇ ಕಳಿಸಿ. ಸಣ್ಣ ಮೈಕಟ್ಟಿನವರಿಗೆ ಅಲ್ಲಿನ ಮೀಡಿಯಂ ಸೂಟೂ ಜೋಲುತ್ತದೆ. ಜೋಲುವ ಸೂಟಿನಲ್ಲಿ ಗಾಳಿ ಹೆಚ್ಚು ಓಡಾಡುತ್ತದೆ, ಮಣಿಕಟ್ಟಿನಲ್ಲಿ ನೀರು ನುಗ್ಗುತ್ತದೆ. ಡೈವಿಂಗಿಗೆಂದೇ ಇರುವ ವಿಮೆ ಮಾಡಿಸಿ, ಸಾಮಾನ್ಯ ಪ್ರವಾಸದ ವಿಮೆ ಈ ಆಳಕ್ಕೆ ಕೈಕೊಡಬಹುದು. ಬೋಟಿನವರಿಗೆ ಹತ್ತಿರದ ಡಿಕಂಪ್ರೆಷನ್ ಚೇಂಬರ್ ಎಲ್ಲಿದೆ ಎಂದು ಕೇಳಿ. ತಡವರಿಸದೆ ಉತ್ತರ ಬಂದರೆ ಮುಂಗಡ ಕಟ್ಟಿ. ಕೊನೆಯ ಡೈವಿಗೂ ಮರಳುವ ವಿಮಾನಕ್ಕೂ ನಡುವೆ ಇಡೀ ಒಂದು ದಿನ ಬಿಡಿ.

ತಿಂಗಳು ಆರಿಸುವಾಗ ಟೋಬರ್ಮೋರಿಗೆ ಜುಲೈ-ಆಗಸ್ಟ್, ಬೆಲ್ ಐಲ್ಯಾಂಡಿಗೆ ಆಗಸ್ಟ್ ನಂತರ. ಮಂಜುಗಡ್ಡೆಯ ಬೆಟ್ಟವೂ ನೋಡಬೇಕೆಂದರೆ ಮಾತ್ರ ಜೂನ್. ಸ್ಕಾಪಾಕ್ಕೆ ನಾನು ಹೇಳುವುದು ಸೆಪ್ಟೆಂಬರ್. ಗಾಳಿ ಏಳುವ ಮುನ್ನ, ಬೇಸಿಗೆಯೆಲ್ಲ ಕಾದು ನೀರು ಇದ್ದುದರಲ್ಲೇ ಬೆಚ್ಚಗಿರುವ ಹೊತ್ತು. ಆ ತಿಂಗಳ ಬೋಟುಗಳು ಮಾತ್ರ ಬಹಳ ಮೊದಲೇ ಭರ್ತಿಯಾಗುತ್ತವೆ, ಡ್ರೈ ಸೂಟ್ ಕಲಿಯಲು ಶುರುಮಾಡಿದ ದಿನವೇ ಅವರಿಗೊಂದು ಮೇಲ್ ಹಾಕಿಬಿಡಿ.